ಕ್ಯಾವನ್ಸೈಟ್: ದಖ್ಖನ್ ಬಸಾಲ್ಟಿನಲ್ಲಿ ವೆನೇಡಿಯಂ ಹರಳುಗಟ್ಟುವ ಬಗೆ

ಭೂಮಿಯ ಹೊರಪದರದಲ್ಲಿ ವೆನೇಡಿಯಂ ತಾಮ್ರಕ್ಕಿಂತ ಹೆಚ್ಚೇ ಇದೆ. ಆದರೂ ವೆನೇಡಿಯಂಯುಕ್ತ ಕ್ಯಾವನ್ಸೈಟ್ ಜಗತ್ತಿನ ಕೆಲವೇ ಕಡೆ ಸಿಗುತ್ತದೆ. ಈ ವಿರಳತೆಗೆ ಕಾರಣ ಧಾತುವಿನ ಕೊರತೆಯಲ್ಲ, ಅದರ ಉತ್ಕರ್ಷಣ ಸ್ಥಿತಿ ಎಂಬುದು ಈ ಲೇಖನದ ವಾದ.

ಅಮೆರಿಕದ ಆರೆಗನ್ ರಾಜ್ಯದಲ್ಲಿ ದೊರೆತ ಮಾದರಿಗಳಿಂದ ಸ್ಟೇಪಲ್ಸ್, ಇವಾನ್ಸ್ ಮತ್ತು ಲಿಂಡ್ಸೆ 1973ರಲ್ಲಿ ಈ ಖನಿಜವನ್ನು ವಿವರಿಸಿದರು. ಸಂಯೋಜನೆ ಒಂದೇ ಆಗಿದ್ದು ರಚನೆ ಬೇರೆಯಾದ ಪೆಂಟಗೊನೈಟನ್ನೂ ಅವರು ಜೊತೆಗೇ ಗುರುತಿಸಿದರು. ಕ್ಯಾವನ್ಸೈಟಿನಲ್ಲಿ ಸಿಲಿಕೇಟ್ ಪದರಗಳನ್ನು ವೆನೇಡಿಯಂ–ಆಮ್ಲಜನಕದ ಚೌಕ ಪಿರಮಿಡ್ಡುಗಳು ಬೆಸೆಯುತ್ತವೆ; ನಡುವಿನ ಪೊಳ್ಳುಗಳಲ್ಲಿ ಕ್ಯಾಲ್ಸಿಯಂ ಮತ್ತು ನೀರಿನ ಅಣುಗಳಿವೆ. ಕಾಠಿಣ್ಯ 3ರಿಂದ 4. ಸಾಪೇಕ್ಷ ಸಾಂದ್ರತೆ ಸುಮಾರು 2.3. ಗಾಢ ನೀಲಿಗೆ ಕಾರಣ ನಾಲ್ಕು ಧನಾವೇಶದ ವೆನೇಡಿಯಂ. ಧ್ರುವೀಕೃತ ಬೆಳಕಿನಲ್ಲಿ ಹರಳನ್ನು ತಿರುಗಿಸಿದರೆ ಒಂದು ದಿಕ್ಕಿನಲ್ಲಿ ನೀಲಿ ತುಂಬಿ, ಇನ್ನೊಂದರಲ್ಲಿ ಬಣ್ಣವೇ ಮಾಯವಾಗುತ್ತದೆ.

ಇದರ ಅತ್ಯುತ್ತಮ ಮಾದರಿಗಳು ಬಂದಿರುವುದು ಪುಣೆ ಸಮೀಪದ ವಾಘೋಲಿಯ ಕಲ್ಲುಕ್ವಾರಿಗಳಿಂದ. ಅಲ್ಲಿನ ಬಸಾಲ್ಟ್ ಸುಮಾರು 6.6 ಕೋಟಿ ವರ್ಷ ಹಳೆಯದು. ಅದರ ಪೊಳ್ಳುಗಳಲ್ಲಿ ಸ್ಟಿಲ್ಬೈಟ್ ಎಂಬ ಬಿಳಿ ಜಿಯೋಲೈಟಿನ ಮೇಲೆ ನೀಲಿ ಸೂಜಿಹರಳುಗಳು ಗುಂಡಗೆ ಗೊಂಚಲಾಗಿ ಕೂತಿರುತ್ತವೆ. ಕ್ಯಾವನ್ಸೈಟ್ ಹುಟ್ಟಿದ ಹೊತ್ತಿನ ಬಗ್ಗೆ ಈ ಕ್ರಮವೇ ಮುಖ್ಯ ಸಾಕ್ಷ್ಯ: ಅಂಥ ಮಾದರಿಗಳಲ್ಲಿ ಸ್ಟಿಲ್ಬೈಟ್ ಮೊದಲು, ಕ್ಯಾವನ್ಸೈಟ್ ಆಮೇಲೆ.

ಬಸಾಲ್ಟಿನ ವೆನೇಡಿಯಂ ಬಹುಮಟ್ಟಿಗೆ ಮೂರು ಧನಾವೇಶ ಹೊತ್ತು ಮ್ಯಾಗ್ನಟೈಟಿನೊಳಗೆ ಅಡಗಿರುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯ ಅದಿರಿನಲ್ಲೂ ಅಷ್ಟೇ. ಆ ಸ್ಥಿತಿಯಲ್ಲಿ ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಉತ್ಕರ್ಷಣ ಮಿತಿಮೀರಿ ಐದಕ್ಕೇರಿದರೆ ವೆನಡೇಟ್ ಆಗಿ ಕರಗಿ ದೂರ ಸಾಗುತ್ತದೆ. ನಾಲ್ಕರಲ್ಲಿ ನಿಲ್ಲುವುದು ಇವೆರಡರ ನಡುವಿನ ಇಕ್ಕಟ್ಟಾದ ಸ್ಥಿತಿ. ಆ ಹೊತ್ತಿಗೇ ಕ್ಯಾಲ್ಸಿಯಂ ಮತ್ತು ಸಿಲಿಕಾ ಕರಗಿದ ಬಿಸಿನೀರೂ ಹರಳು ಬೆಳೆಯಲು ಜಾಗವೂ ಒದಗಬೇಕು. ಜಿಯೋಲೈಟುಗಳು ದಖ್ಖನ್ನಿನಲ್ಲೆಲ್ಲ ಇದ್ದರೂ ಕ್ಯಾವನ್ಸೈಟ್ ಅಪರೂಪವಾಗಿರುವುದಕ್ಕೆ ಇದಕ್ಕಿಂತ ಸಮಂಜಸ ವಿವರಣೆ ನನಗೆ ಕಾಣುವುದಿಲ್ಲ.

ಇದನ್ನು ಪರೀಕ್ಷಿಸಲು ಹರಳು ಸಿಕ್ಕ ಪದರ, ಅದರ ಆಳ, ಜೊತೆಯ ಖನಿಜಗಳ ದಾಖಲೆ ಬೇಕು. ಮಾರುಕಟ್ಟೆಗೆ ಬರುವ ಮಾದರಿಗೆ ಇವು ಇರುವುದು ಕಡಿಮೆ. ಇದೇ ಬಸಾಲ್ಟ್ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಿಗೂ ಹಬ್ಬಿದೆ. ಅಲ್ಲಿನ ಭೂವಿಜ್ಞಾನ ವಿಭಾಗಗಳು ಕ್ವಾರಿಯ ಬಂಡೆ ಜಲ್ಲಿಯಾಗುವ ಮೊದಲೇ ಪೊಳ್ಳುಗಳ ಖನಿಜಕ್ರಮವನ್ನು ದಾಖಲಿಸುವ ಕೆಲಸ ಕೈಗೆತ್ತಿಕೊಳ್ಳಬೇಕು.