ಎರಡು ಬಟನ್, ಇಬ್ಬರು ಅಣ್ಣತಮ್ಮಂದಿರು | ಗೇಮ್ ಇತಿಹಾಸ, ಭಾಗ 6

ಮನೇಲಿ ಎರಡನೇ ಮಗುವಾಗಿ ಹುಟ್ಟಿದೋರು ಯಾರ್ಯಾರಿದೀರ? ಕೈ ಎತ್ತಿ. ಇವತ್ತಿನ ಕಥೆ ನಿಮ್ಮದೇ. 🙋

ಮಾರಿಯೋ ಯಾರು ಅಂತ ಕೇಳಿದ್ರೆ ಎಲ್ಲರೂ ಹೇಳ್ತೀರ. ಲೂಯಿಜಿ? "ಅದೇ, ಆ ಹಸಿರು ಟೋಪಿಯವನು" ಅಂತೀರ ತಾನೆ? ಪಾಪ, ಅವನು ಹುಟ್ಟಿದ್ದೇ ಹಾಗೆ. 1983ರ 'ಮಾರಿಯೋ ಬ್ರದರ್ಸ್' ಆರ್ಕೇಡ್ ಗೇಮಲ್ಲಿ ಎರಡನೇ ಆಟಗಾರನಿಗೆ ಒಂದು ಗೊಂಬೆ ಬೇಕಿತ್ತು. ಮಾರಿಯೋ ಚಿತ್ರಕ್ಕೇ ಬಣ್ಣ ಬದಲಾಯಿಸಿದ್ರು, ತಮ್ಮ ರೆಡಿ!

ಇಪ್ಪತ್ತು ವರ್ಷ ಆದ್ಮೇಲೆ, 2003ರ ನವೆಂಬರ್‌ನಲ್ಲಿ, ಈ ಅವಮಾನವನ್ನೇ ತಮಾಷೆ ಮಾಡ್ಕೊಂಡು ಒಂದು ಗೇಮ್ ಬಂತು. ಹೆಸರು 'ಮಾರಿಯೋ ಅಂಡ್ ಲೂಯಿಜಿ: ಸೂಪರ್‌ಸ್ಟಾರ್ ಸಾಗಾ'. ಆಡೋದು ಕೈಲಿ ಹಿಡಿಯೋ ಪುಟ್ಟ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ. ಮಾಡಿದ್ದು ನಿಂಟೆಂಡೊ ಅಲ್ಲ, ಜಪಾನಿನ ಆಲ್ಫಾಡ್ರೀಮ್ ಅನ್ನೋ ಸಣ್ಣ ಕಂಪನಿ. 1996ರ 'ಸೂಪರ್ ಮಾರಿಯೋ ಆರ್‌ಪಿಜಿ'ಯ ಇಬ್ಬರು ನಿರ್ದೇಶಕರು, ಚಿಹಿರೊ ಫುಜಿಓಕ ಮತ್ತು ಯೊಶಿಹಿಕೊ ಮಾಎಕವ, ಇಲ್ಲಿಗೆ ಬಂದಿದ್ರು. ಎರಡೂ ಗೇಮ್‌ಗೆ ಸಂಗೀತ ಯೋಕೊ ಶಿಮೊಮುರ ಅವರದು.

ಈಗ ಜಾಣತನ ನೋಡಿ. ಸಾಮಾನ್ಯವಾಗಿ ಸರದಿ ಪ್ರಕಾರ ನಡೆಯೋ ಕಾಳಗ ಅಂದ್ರೆ ಹೇಗೆ? ನಾನು ಹೊಡೀತೀನಿ, ಆಮೇಲೆ ನೀನು ಹೊಡಿ. ಶತ್ರು ಸರದಿ ಬಂದಾಗ ಸುಮ್ನೆ ಕೂತು ಏಟು ತಿನ್ನೋದು. ಇಲ್ಲಿ ಹಾಗಿಲ್ಲ. ಶತ್ರು ಮೈಮೇಲೆ ಬರುವಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದ್ರೆ ಜಿಗಿದು ತಪ್ಪಿಸ್ಕೋಬಹುದು, ಒಮ್ಮೊಮ್ಮೆ ಅವನ ತಲೆ ಮೇಲೇ ಇಳಿದು ತಿರುಗೇಟು ಕೊಡಬಹುದು. ಆ ಕನ್ಸೋಲ್‌ನ ಮುಂಭಾಗದಲ್ಲಿದ್ದ ಮುಖ್ಯ ಬಟನ್ ಎರಡೇ. 'ಎ' ಒತ್ತಿದ್ರೆ ಮಾರಿಯೋ, 'ಬಿ' ಒತ್ತಿದ್ರೆ ಲೂಯಿಜಿ. ಅಷ್ಟೇ!

ಕಥೆ ಪೂರ್ತಿ ಹುಚ್ಚಾಟ. ಕ್ಯಾಕ್ಲೆಟಾ ಅನ್ನೋ ಮಾಟಗಾತಿ ಬಂದು ರಾಜಕುಮಾರಿ ಪೀಚ್‌ಳ ದನಿ ಕದೀತಾಳೆ. ಪೀಚ್ ಬಾಯಿ ಬಿಟ್ರೆ ಮಾತುಗಳು ಬಾಂಬಿನ ಹಾಗೆ ಸಿಡೀತವೆ. ಮಾಟಗಾತಿಯ ಶಿಷ್ಯ ಫಾಫುಲ್ ಆಡೋ ಮಾತು ಇಂಗ್ಲಿಷ್ ಆವೃತ್ತಿಯಲ್ಲಿ ಬೇಕಂತಲೇ ವ್ಯಾಕರಣ ತಪ್ಪಿದ್ದು. ಗುರುವಿಗಿಂತ ಅವನೇ ಜನಪ್ರಿಯ ಆಗ್ಬಿಟ್ಟ. ಮಾರಿಯೋನ ಬೀಳ್ಕೊಡೋಕೆ ಬಂದಿದ್ದ ಲೂಯಿಜಿಯನ್ನಂತೂ ಬಲವಂತವಾಗಿ ಹಡಗಿಗೆ ಎಳ್ಕೊಂಡು ಹೋಗ್ತಾರೆ. ಹೋದ ಕಡೆಯೆಲ್ಲಾ ಮಾರಿಯೋಗೆ ಜೈಕಾರ, ಇವನ ಹೆಸರು ಯಾರಿಗೂ ನೆನಪಿಲ್ಲ.

ಆದ್ರೆ ಕಾಳಗ ಶುರುವಾದಾಗ? 'ಬಿ' ಮರೆತ್ರೋ, ಸೋತ್ರಿ. ಗೇಮ್ ಒಳಗಿನ ಜನ ಲೂಯಿಜಿಯನ್ನ ಎಷ್ಟೇ ಮರೀಲಿ, ನಿಮ್ಮ ಹೆಬ್ಬೆರಳು ಮರೆಯೋ ಹಾಗಿಲ್ಲ. ಈ ಗೇಮ್‌ನ ಅಸಲಿ ಜೋಕ್ ಇದೇ ಅಂತ ನನಗನ್ಸುತ್ತೆ.

ಮುಂದೆ ಕನ್ಸೋಲ್ ಬದಲಾದ ಹಾಗೆಲ್ಲ ಈ ಐಡಿಯಾನೂ ಬೆಳೀತು. ನಿಂಟೆಂಡೊ ಡಿಎಸ್‌ನಲ್ಲಿ ನಾಲ್ಕು ಬಟನ್ ಬಂತು. 2005ರ ಭಾಗದಲ್ಲಿ ಮಾರಿಯೋ, ಲೂಯಿಜಿ, ಜೊತೆಗೆ ಅವರದೇ ಶಿಶುರೂಪಗಳು: ನಾಲ್ವರಿಗೆ ನಾಲ್ಕು. 2009ರಲ್ಲಿ ಅಣ್ಣತಮ್ಮ ಶತ್ರು ಬೌಸರ್‌ನ ಹೊಟ್ಟೆಯೊಳಗೇ ಸೇರ್ಕೊಂಡ್ರು. ಮೇಲಿನ ಪರದೆಯಲ್ಲಿ ಅವನು, ಕೆಳಗಿನ ಪರದೆಯಲ್ಲಿ ಇವರು. ಲೂಯಿಜಿಗೆ 30 ವರ್ಷ ತುಂಬಿದ 2013ರಲ್ಲಿ 'ಡ್ರೀಮ್ ಟೀಮ್' ಬಂತು, ಅರ್ಧ ಆಟ ನಡೆಯೋದು ಅವನ ಕನಸಿನೊಳಗೆ!

ಈಗ ಬೇಜಾರಿನ ಭಾಗ. 2017ರಲ್ಲಿ ಸ್ವಿಚ್ ಬಂದು ಜನ ಆ ಕಡೆ ಹೋದ್ರು. ಆಲ್ಫಾಡ್ರೀಮ್ ಮಾತ್ರ ತನ್ನ ಹಳೇ ಗೇಮ್‌ಗಳಿಗೆ ಹೊಸ ಬಟ್ಟೆ ಹಾಕಿ 3ಡಿಎಸ್‌ಗೇ ಬಿಡ್ತಾ ಇತ್ತು. 2019ರ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಆಯ್ತು. ಯೋಚಿಸಿ ನೋಡಿ: ಪೆಟ್ಟಿಗೆ ಮೇಲೆ ದೊಡ್ಡದಾಗಿ ಇದ್ದದ್ದು ನಿಂಟೆಂಡೊ ಹೆಸರು. ಆಡಿ ನಕ್ಕೋರಲ್ಲಿ ಎಷ್ಟು ಜನಕ್ಕೆ ಆಲ್ಫಾಡ್ರೀಮ್ ಗೊತ್ತಿತ್ತು? ಲೂಯಿಜಿ ಕಥೆ ಬರೆದೋರೇ ಲೂಯಿಜಿ ಆಗಿದ್ರು.

ಸರಣಿ ಅಲ್ಲಿಗೇ ಮುಗೀಲಿಲ್ಲ. 2024ರ ನವೆಂಬರ್‌ನಲ್ಲಿ 'ಬ್ರದರ್‌ಶಿಪ್' ಬಂತು, ಅಕ್ವೈರ್ ಅನ್ನೋ ಬೇರೆ ಕಂಪನಿ ಮಾಡಿದ್ದು. ಆಡೋಕೆ ಕೂತ್ರೆ ಮಾರಿಯೋಗೆ 'ಎ', ಲೂಯಿಜಿಗೆ 'ಬಿ', ಈಗಲೂ!

ಒಂದು ಮಾತು ಒಪ್ಕೋಬೇಕು. ಚಿಕ್ಕವರಿದ್ದಾಗ ನಾನೂ ನನ್ನ ತಮ್ಮನೂ ಸೆಕೆಂಡ್‌ಹ್ಯಾಂಡ್ ಡಿಎಸ್ ಒಂದರಲ್ಲಿ ಇದನ್ನ ಆಡ್ತಿದ್ವಿ. ಇಬ್ಬರ ಹೆಬ್ಬೆರಳೂ ಒಂದೇ ಮೂಲೇಲಿ, ಒಂದಕ್ಕೊಂದು ಗುದ್ದಾಡ್ಕೊಂಡು. ಅವನು ಯಾವಾಗ್ಲೂ 'ಬಿ'. "ನಾನೇ ಯಾಕೆ?" ಅಂತ ಒಂದಿನ ಅತ್ತ. "ನೀನು ಚಿಕ್ಕೋನು, ಅದಕ್ಕೆ" ಅಂದಿದ್ದೆ. ಇದನ್ನ ಬರೀತಾ ಬರೀತಾ ನೆನಪಾಯ್ತು: ನಾವು ಗೆದ್ದ ಕೊನೇ ಏಟು ಅವನದೇ. ನಾನು ಅದನ್ನ ಕ್ಲಾಸಲ್ಲಿ ನಂದು ಅಂತ ಹೇಳ್ಕೊಂಡು ತಿರುಗಿದ್ದೆ.

ಲೋ, ಇದನ್ನ ಓದ್ತಿದ್ರೆ, ಸಾರಿ ಕಣೋ. ಮುಂದಿನ ಸಲ 'ಎ' ನಿಂದೇ.

ನೀವು ಯಾರನ್ನ 'ಬಿ' ಮಾಡಿದ್ರಿ? ಅವರನ್ನ ಕಾಮೆಂಟಲ್ಲಿ ಟ್ಯಾಗ್ ಮಾಡಿ. 💚

#ಗೇಮ್_ಇತಿಹಾಸ #ಲೂಯಿಜಿ #ಕನ್ನಡದಲ್ಲಿ_ಗೇಮಿಂಗ್