ಮಕ್ಕಳ ಧರ್ಮೋಪದೇಶ
ಚರ್ಚುಗಳಲ್ಲಿ ಮಕ್ಕಳಿಗೆ ಕೊಡುವ ಕ್ರೈಸ್ತ ಧರ್ಮಶಿಕ್ಷಣ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದು ಸಂಡೇ ಸ್ಕೂಲ್ ಎಂದು ಪರಿಚಿತ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ 1780ರಲ್ಲಿ ತೆರೆದ ಶಾಲೆಯಿಂದ ಈ ಪದ್ಧತಿ ಹೆಸರಾಯಿತು. 

ದೇವರು ಎಲ್ಲರನ್ನೂ ಬರಮಾಡಿಕೊಳ್ಳುತ್ತಾನೆ ಎಂಬುದು ಬೋಧನೆಯ ತಿರುಳು. ಯೇಸು ಮಕ್ಕಳನ್ನು ಅಪ್ಪಿ ಹರಸಿದ ಪ್ರಸಂಗ, ತಪ್ಪಿಹೋದ ಕುರಿ, ಮನೆಗೆ ಮರಳಿದ ಕಿರಿಮಗನ ಸಾಮತಿಗಳು ಇದಕ್ಕೆ ಆಧಾರ. ಜ್ಞಾನಸ್ನಾನದಿಂದ ಮಗು ಕಥೋಲಿಕ ಸಭೆಯ ಸದಸ್ಯತ್ವ ಪಡೆಯುತ್ತದೆ. ಮುಂದೆ ಪ್ರಥಮ ಪರಮಪ್ರಸಾದಕ್ಕೆ ಸಿದ್ಧತೆ ನಡೆಯುತ್ತದೆ. ಪರಮಪ್ರಸಾದ ಸ್ವೀಕರಿಸಲು ಸುಮಾರು ಏಳು ವರ್ಷ ವಯಸ್ಸು ಸಾಕೆಂದು ಹತ್ತನೆಯ ಪಯಸ್ ಪೋಪರ ಕಾಲದಲ್ಲಿ, 1910ರಲ್ಲಿ ವಿಧಿಸಲಾಯಿತು.