ನಿರಿಗೆ ಹಿಂದಕ್ಕೆ: ಡಿಜಿಟಲ್ ಗೊಂಬೆಗೆ ಕೊಡವ ಸೀರೆ

ಉಡುಪಿನ ಚರಿತ್ರೆ ಬರೆಯುವವರಿಗೆ ಒಂದು ತೊಡಕು ಸದಾ ಇದ್ದದ್ದೇ. ಹೊಲಿದ ಅಂಗಿ ಪೆಟ್ಟಿಗೆಯೊಳಗಿದ್ದರೂ ಅಂಗಿಯೇ. ಸೀರೆ ಹಾಗಲ್ಲ, ಮಡಚಿಟ್ಟರೆ ಅದು ಬರೀ ಉದ್ದನೆಯ ಬಟ್ಟೆ. ರೂಪ ಕೊಡುವುದು ಉಡುವವರ ಕೈ. ಹಾಗಾಗಿ ಸೀರೆ ಉಳಿದೂ ಉಡುವ ಕ್ರಮ ಅಳಿಯಬಹುದು. ಕಂಪ್ಯೂಟರಿನ ಮಾನವಾಕೃತಿಗೆ ಬಟ್ಟೆ ತೊಡಿಸಲು ಹೊಸದಾಗಿ ಕೂತವರಿಗೆ ಇದು ಮೊದಲ ದಿನವೇ ಎದುರಾಗುತ್ತದೆ.

ಈ ವಿದ್ಯೆಗೆ ಸುಮಾರು ನಾಲ್ಕು ದಶಕಗಳ ಚರಿತ್ರೆಯಿದೆ. 1986ರಲ್ಲಿ ಜೆರ್ರಿ ವೈಲ್ ಇಳಿಬಿಟ್ಟ ಬಟ್ಟೆಯ ಆಕಾರವನ್ನು ಗಣಿತದ ವಕ್ರರೇಖೆಗಳಿಂದ ಮೂಡಿಸಿದರು. ಮರುವರ್ಷ ಡೆಮೆಟ್ರಿ ಟೆರ್ಜೋಪೌಲೋಸ್ ಮತ್ತು ಸಂಗಡಿಗರು ಹಿಗ್ಗಿ ಕುಗ್ಗುವ ವಸ್ತುಗಳನ್ನು ಭೌತಶಾಸ್ತ್ರದ ನಿಯಮಗಳಿಂದಲೇ ಲೆಕ್ಕಹಾಕಿದರು. 1995ರಲ್ಲಿ ಬಂದ ‘ಪೋಸರ್’ ತಂತ್ರಾಂಶ ಚಿತ್ರಕಾರರ ಮರದ ಕೀಲುಗೊಂಬೆಯನ್ನು ಪರದೆಗೆ ತಂದಿತು. 1998ರಲ್ಲಿ ಡೇವಿಡ್ ಬರಾಫ್ ಮತ್ತು ಆಂಡ್ರ್ಯೂ ವಿಟ್ಕಿನ್ ಬಟ್ಟೆಯ ಚಲನೆಯನ್ನು ಬೇಗ ಲೆಕ್ಕಹಾಕುವ ದಾರಿ ತೋರಿದರು. ಉಚಿತವಾಗಿ ಸಿಗುವ ‘ಬ್ಲೆಂಡರ್’ನಲ್ಲಿ 2008ರಿಂದ ಈ ಸೌಲಭ್ಯವಿದೆ.

ಕಲಿಯುವವರು ಮೊದಲು ತಿಳಿಯಬೇಕಾದ್ದು ಇಷ್ಟು: ಬಟ್ಟೆಯೆಂದರೆ ಇಲ್ಲಿ ಬಿಂದುಗಳ ಒಂದು ಜಾಲ. ಆಕೃತಿಯನ್ನು ಕೈಗಳು ತುಸು ಅಗಲವಾಗಿರುವಂತೆ ನಿಲ್ಲಿಸಿ, ಆ ಭಂಗಿಯಲ್ಲೇ ಬಟ್ಟೆ ತೊಡಿಸಿ, ಅದು ಮೈಮೇಲೆ ಕೂರುವವರೆಗೆ ಕಾಯಬೇಕು. ಆಮೇಲೆ ಬೇಕಾದ ಭಂಗಿಗೆ ನಿಧಾನವಾಗಿ ತರಬೇಕು. ಒಮ್ಮೆಲೇ ಕೈಕಾಲು ತಿರುಗಿಸಿದರೆ ಬಟ್ಟೆ ಮೈಯೊಳಗೆ ನುಗ್ಗಿಬಿಡುತ್ತದೆ.

ದಕ್ಷಿಣ ಕೊಡಗಿನ ಕುಟ್ಟದಲ್ಲಿ ಕ್ಷೇತ್ರಕಾರ್ಯ ಮಾಡುತ್ತ ನಾನು ಕೊಡವ ಉಡುಪನ್ನು ಹೀಗೆ ದಾಖಲಿಸಲು ತೊಡಗಿದ್ದೇನೆ. ಗಂಡಸರ ಕುಪ್ಯ ಸುಲಭ. ಅದು ಹೊಲಿದ ನಿಲುವಂಗಿ. ತುಂಡುಗಳನ್ನು ಕತ್ತರಿಸಿ ಪರದೆಯಲ್ಲೇ ಹೊಲಿಯಬಹುದು. ಸೊಂಟಕ್ಕೆ ಚೇಲೆ ಬಿಗಿದು, ಬಾಗದ ಗಟ್ಟಿ ವಸ್ತುವಾಗಿ ಪೀಚೆಕತ್ತಿಯನ್ನು ಸಿಕ್ಕಿಸಿದರಾಯಿತು. ಆದರೆ ಕಪ್ಪು ಕುಪ್ಯವನ್ನು ಬಿಳಿ ಮಾಡಲು ಯಂತ್ರಕ್ಕೆ ಒಂದು ಕ್ಲಿಕ್ ಸಾಕು. ಬಿಳಿ ಕುಪ್ಯ ಮದುಮಗನದು. ಬಣ್ಣ ಬದಲಾದರೆ ನೆಂಟ ಮದುಮಗನಾಗುತ್ತಾನೆಂಬುದು ಯಂತ್ರಕ್ಕೆ ತಿಳಿಯದು.

ಹೆಂಗಸರ ಸೀರೆಯದು ಬೇರೆಯೇ ಕಥೆ. ನಿರಿಗೆ ಬೆನ್ನ ಕಡೆ. ಸೆರಗು ಎಡ ಹೆಗಲ ಕೆಳಗಿನಿಂದ ಎದೆಯನ್ನು ಬಳಸಿ ಬಲ ಹೆಗಲ ಮೇಲೆ ನಿಲ್ಲುತ್ತದೆ. ಕಾವೇರಿ ನದಿಯಾಗಿ ಹರಿದ ರಭಸಕ್ಕೆ ಬಲಮುರಿಯಲ್ಲಿ ಹೆಂಗಸರ ನಿರಿಗೆ ಹಿಂದಕ್ಕೆ ಹೊರಳಿತೆಂದು ಐತಿಹ್ಯ. ಮುಂದೆ ನಿರಿಗೆಯಿರುವ ಸಿದ್ಧ ಸೀರೆಯನ್ನು ಹಿಂದುಮುಂದು ತಿರುಗಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ನಿರಿಗೆಯೇನೋ ಬೆನ್ನಿಗೆ ಹೋಗುತ್ತದೆ, ಅದರ ಜೊತೆಗೆ ಎದೆಯ ಮೇಲಿನ ಸುತ್ತೂ ಬೆನ್ನಿಗೆ ಹೋಗುತ್ತದೆ. ಆಯತಾಕಾರದ ಬಟ್ಟೆಯಿಂದಲೇ ಆರಂಭಿಸಿ, ನಿರಿಗೆಯನ್ನು ಮೊದಲೇ ಮಡಚಿ, ಸೊಂಟದ ಬಿಂದುಗಳನ್ನು ಕದಲದಂತೆ ಹಿಡಿದಿಡಬೇಕು. ಜಾಲದ ಚೌಕ ನಿರಿಗೆಗಿಂತ ಅಗಲವಾದರೆ ನಿರಿಗೆ ಮೂಡುವುದೇ ಇಲ್ಲ.

ಕುಟ್ಟದ ಹಿರಿಯ ಹೆಂಗಸೊಬ್ಬರಿಗೆ ಈ ಆಕೃತಿ ತೋರಿಸಿದೆ. ತುಸು ಹೊತ್ತು ನೋಡಿ, “ಚೆನ್ನಾಗಿ ನಿಂತಿದ್ದಾಳೆ ಮಗಳೇ. ಇವಳು ಏರು ಹತ್ತುವುದು ಹೇಗೆ?” ಎಂದರು. ಸೊಂಟದ ಬಿಗಿ ಎಷ್ಟಿರಬೇಕೆಂದು ತಮ್ಮದೇ ಸೆರಗು ಹಿಡಿದು ತೋರಿಸಿದರು.

ಅವರ ಪ್ರಶ್ನೆ ನನ್ನ ಸಂಶೋಧನೆಗೂ ಸಲ್ಲುತ್ತದೆ. ಜಿ. ರಿಕ್ಟರ್ 1870ರಲ್ಲಿ ಮಂಗಳೂರಿನಿಂದ ಹೊರತಂದ ‘ಮ್ಯಾನುಯಲ್ ಆಫ್ ಕೂರ್ಗ್’ ಕೊಡವರ ಉಡುಪನ್ನು ವರ್ಣಿಸುತ್ತದೆ. ಆ ಕಾಲದ ಕ್ಯಾಮೆರಾ ಜನರನ್ನು ಅಲುಗಾಡದಂತೆ ನಿಲ್ಲಿಸುತ್ತಿತ್ತು. ಪುಸ್ತಕದಲ್ಲಾಗಲಿ ಛಾಯಾಚಿತ್ರದಲ್ಲಾಗಲಿ ನಮಗೆ ಸಿಗುವುದು ಉಟ್ಟು ಮುಗಿದ ಸೀರೆ, ಉಡುವ ಕೈಯಲ್ಲ. ಡಿಜಿಟಲ್ ಗೊಂಬೆಯನ್ನೂ ಚೆಂದದ ಭಂಗಿಯಲ್ಲಿ ನಿಲ್ಲಿಸಿ ಕೈಬಿಟ್ಟರೆ ನಾವು ಮಾಡುವುದೂ ಅದನ್ನೇ. ಆದರೆ ಈ ಸಾಧನಕ್ಕೆ ಹಳೆಯ ಕ್ಯಾಮೆರಾಕ್ಕಿಲ್ಲದ ಒಂದು ಗುಣವಿದೆ: ಮೊದಲ ಮಡಿಕೆಯಿಂದ ಕೊನೆಯ ಗಂಟಿನವರೆಗೆ ಪ್ರತಿ ಹಂತವನ್ನೂ ಅದು ಉಳಿಸಿಕೊಳ್ಳಬಲ್ಲದು. ಆ ಹಂತಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಹೊಸಬರು ತಂತ್ರಾಂಶ ತೆರೆಯುವ ಮೊದಲು ಅವರ ಮುಂದೆ ಕೂತು ಒಮ್ಮೆ ಸೀರೆ ಉಡುವುದನ್ನು ಕಲಿಯಲಿ.